ಕಲಬುರಗಿಯ ಧೂಳು, ಎಸಿಯ ಜಾಲರಿ, ಮುಚ್ಚಿದ ಕಿಟಕಿ

ಹೋಳಿ ಹುಣ್ಣಿಮೆ ಕಳೆದರೆ ಸಾಕು, ಕಲಬುರಗಿಯ ಎಸಿ ಮೆಕ್ಯಾನಿಕ್‌ಗಳಿಗೆ ಪುರುಸೊತ್ತು ಸಿಗುವುದಿಲ್ಲ. ಗಾಳಿ ಬರುತ್ತದೆ, ತಂಪಿಲ್ಲ. ಒಳಗಿನ ಯೂನಿಟ್‌ನಿಂದ ಗೋಡೆಗುಂಟ ನೀರು ಇಳಿಯುತ್ತಿದೆ. ಹಚ್ಚಿದ ಕೂಡಲೇ ಹಸಿ ಅರಿವೆಯ ವಾಸನೆ. ಪ್ರತಿ ಬೇಸಿಗೆಯಲ್ಲೂ ದೂರುಗಳು ಇವೇ. ಈಗ ಅಂಗಡಿಯಲ್ಲಿ ಕೇಳುವ ಪ್ರಶ್ನೆಯೊಂದು ಇವುಗಳ ಜೊತೆ ಸೇರಿದೆ: ‘ಪಿಎಂ 2.5 ಫಿಲ್ಟರ್ ಇರೋ ಎಸಿ ತೊಗೊಂಡ್ರ ಹುಡುಗನ ಕೆಮ್ಮು ಕಡಿಮಿ ಆಗ್ತದೇನ್ರಿ?’ ಯೂನಿಟ್‌ನ ಮುಚ್ಚಳ ಎತ್ತಿದರೆ ಕಾಣುವ ಪ್ಲಾಸ್ಟಿಕ್ ಜಾಲರಿಯೇ ಮೊದಲಿನ ಮೂರು ದೂರುಗಳ ಹಿಂದೆ ಹೆಚ್ಚಿನ ಸಲ ಇರುತ್ತದೆ. ಕೆಮ್ಮಿನ ವಿಷಯಕ್ಕೆ ಬಂದರೆ ಅದರ ಕೈಯಲ್ಲಿ ಆಗುವುದು ತೀರ ಕಡಿಮೆ. ಈ ಎರಡು ಲೆಕ್ಕಗಳನ್ನು ಒಂದೇ ಖಾತೆಗೆ ಬರೆಯುವುದರಿಂದಲೇ ಮನೆಗಳಲ್ಲಿ ದುಡ್ಡು ತಪ್ಪು ಕಡೆ ಹೋಗುತ್ತಿದೆ.

ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಅದರ ಕಣ್ಣುಗಳನ್ನು ಕೂತು ಎಣಿಸಬಹುದು. ಬರಿಗಣ್ಣಿಗೆ ಕಾಣುವ ತೂತು ಎಂದರೆ ಸೂಕ್ಷ್ಮ ಕಣದ ಪಾಲಿಗೆ ಊರ ಅಗಸಿ ಬಾಗಿಲು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಗೂದಲಿನ ದಪ್ಪವೇ ಸುಮಾರು 50ರಿಂದ 70 ಮೈಕ್ರಾನ್. ಪಿಎಂ 10 ಎಂದರೆ 10 ಮೈಕ್ರಾನ್ ಹಾಗೂ ಅದಕ್ಕಿಂತ ಸಣ್ಣ ಕಣಗಳು. ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಕಣಗಳು 2.5 ಮೈಕ್ರಾನ್ ಹಾಗೂ ಅದಕ್ಕಿಂತ ಸಣ್ಣವು. ಜಾಲರಿಗೆ ಸಿಗುವುದು ಹತ್ತಿಯ ಎಳೆ, ಕೂದಲು, ಹಾಸಿಗೆಯ ನಾರು, ದಪ್ಪ ಮಣ್ಣು. ಅದನ್ನು ಅಲ್ಲಿ ಇಟ್ಟಿರುವುದೂ ಅಷ್ಟಕ್ಕೇ. ಅದರ ಹಿಂದೆ ತಾಮ್ರದ ಕೊಳವೆಗಳ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳನ್ನು ಒಂದರಿಂದ ಒಂದೂವರೆ ಮಿಲಿಮೀಟರ್ ಅಂತರದಲ್ಲಿ ಜೋಡಿಸಿದ ಕಾಯಿಲ್ ಇರುತ್ತದೆ. ಆ ಸಂದುಗಳಲ್ಲಿ ಕಸ ಸಿಕ್ಕಿಕೊಳ್ಳಬಾರದು ಎಂಬುದು ಜಾಲರಿಯ ಉದ್ದೇಶ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ದೊಡ್ಡದು. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಗೋಡೆಯ ತೂತಿನಲ್ಲಿ ಹಾಯುವುದು ಗ್ಯಾಸಿನ ಎರಡು ಕೊಳವೆ, ಒಂದು ವೈರು, ನೀರು ಹೋಗುವ ಒಂದು ಪೈಪು. ಗಾಳಿ ಹಾಯುವ ದಾರಿಯೇ ಇಲ್ಲ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ 1,200 ಘನ ಅಡಿ ಗಾಳಿ ಇರುತ್ತದೆ. ಒಂದೂವರೆ ಟನ್ನಿನ ಎಸಿ ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು 400ರಿಂದ 500 ಘನ ಅಡಿ ಗಾಳಿ ಎಳೆಯುತ್ತದೆ. ಅಂದರೆ ಅದೇ ಗಾಳಿ ಗಂಟೆಗೆ ಇಪ್ಪತ್ತಕ್ಕೂ ಹೆಚ್ಚು ಸಲ ಅದೇ ಜಾಲರಿಯನ್ನು ಹಾಯುತ್ತದೆ. ಕೋಣೆಯಲ್ಲಿ ಹಾರಾಡುವ ದಪ್ಪ ಕಸ ಬೇಗ ಜಾಲರಿಗೆ ಬಂದು ಅಂಟುವುದು ಇದರಿಂದ. ಹೊಗೆಯಂಥ ಕಣಗಳು ಇಪ್ಪತ್ತು ಸಲ ಹಾಯ್ದು ಇಪ್ಪತ್ತು ಸಲವೂ ಹೊರಗೆ ಬರುವುದೂ ಇದರಿಂದಲೇ. ಹಳೆಯ ವಿಂಡೋ ಎಸಿಗಳಲ್ಲಿ ಹೊರಗಾಳಿಗೆಂದು ಸಣ್ಣ ಕಿಂಡಿಯೊಂದು, ಅದಕ್ಕೊಂದು ಹಿಡಿ ಇರುತ್ತಿತ್ತು. ಅದೂ ಹೆಚ್ಚಿನ ಮನೆಗಳಲ್ಲಿ ವರ್ಷಗಟ್ಟಲೆ ಮುಚ್ಚಿಯೇ ಇರುತ್ತಿತ್ತು ಎಂಬುದು ಬೇರೆ ಮಾತು.

ಊರಿನ ಧೂಳು ಎಂಥದ್ದು

2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಶುರು ಮಾಡಿತು. ಗಾಳಿಯ ಮಾನದಂಡ ಮೀರಿದ ನಗರಗಳ ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರುಗಳು ನಾಲ್ಕು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. 2009ರಿಂದ ಜಾರಿಯಲ್ಲಿರುವ ನಮ್ಮ ದೇಶದ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 10 ವರ್ಷದ ಸರಾಸರಿ 60 ಮೈಕ್ರೊಗ್ರಾಂ ಒಳಗೆ, ಪಿಎಂ 2.5 ವರ್ಷದ ಸರಾಸರಿ 40ರ ಒಳಗೆ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಟ್ಟ ಇನ್ನೂ ಬಿಗಿ: ಕ್ರಮವಾಗಿ 15 ಮತ್ತು 5.

ಅಂಕಿಗಿಂತ ಇಲ್ಲಿ ಮುಖ್ಯವಾದದ್ದು ಧೂಳಿನ ಜಾತಿ. ಒಡೆದು, ಬೀಸಿ, ತುಳಿದು ಎದ್ದ ಧೂಳು ಹೆಚ್ಚಾಗಿ ದಪ್ಪಗಿರುತ್ತದೆ. ಸುಟ್ಟು ಎದ್ದದ್ದು ಸಣ್ಣದಾಗಿರುತ್ತದೆ. ಶಹಾಬಾದ್ ಕಡೆಯ ಫರಸಿ ಕಲ್ಲಿನ ಗಣಿ, ವಾಡಿ-ಮಳಖೇಡ-ಸೇಡಂ ಪಟ್ಟಿಯ ಸಿಮೆಂಟ್ ಲಾರಿಗಳ ಓಡಾಟ, ಕಪನೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲುಗಳ ಹೊಟ್ಟು, ತೊಗರಿ ಸುಗ್ಗಿಯಲ್ಲಿ ನೆಹರು ಗಂಜಿನಲ್ಲಿ ಚೀಲ ಸುರಿಯುವಾಗ ಏಳುವ ಮೋಡ, ರಸ್ತೆ ಪಕ್ಕದಲ್ಲಿ ಒಣಗಿದ ಕರಿ ಮಣ್ಣು, ಇವೆಲ್ಲ ಮೊದಲ ಜಾತಿಗೆ ಸೇರಿದವು. ಬೀದರಿನ ಕೆಂಪು ಮಣ್ಣಿನ ಧೂಳೂ ಹಾಗೆಯೇ. ಒಲೆಗೆ ಇಟ್ಟ ತೊಗರಿ ಕಟ್ಟಿಗೆ, ಡೀಸೆಲ್ ಹೊಗೆ, ಓಣಿಯ ಮೂಲೆಯಲ್ಲಿ ಸುಡುವ ಕಸ, ಯಾದಗಿರಿ ಜಿಲ್ಲೆಯ ಕಾಲುವೆ ನೀರಾವರಿಯ ಗದ್ದೆಗಳಲ್ಲಿ ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಇಟ್ಟರೆ ಹಬ್ಬುವ ಹೊಗೆ, ಇವು ಎರಡನೆಯ ಜಾತಿ.

ಎರಡಕ್ಕೂ ನಡತೆ ಬೇರೆ. ಗಾಳಿ ಅಲುಗದ ಕೋಣೆಯಲ್ಲಿ 10 ಮೈಕ್ರಾನಿನ ಕಲ್ಲಿನ ಕಣ ಆಳೆತ್ತರದಿಂದ ನೆಲಕ್ಕೆ ಇಳಿಯಲು ಕೆಲವೇ ನಿಮಿಷ ಸಾಕು. ಅರ್ಧ ಮೈಕ್ರಾನಿನ ಹೊಗೆಯ ಕಣಕ್ಕೆ ಎರಡು ದಿನವೂ ಸಾಲದು. ಹಾಗಾಗಿ ದಪ್ಪ ಧೂಳಿನ ಜಗಳ ನೆಲದ ಮೇಲೆ ನಡೆಯಬೇಕು, ಎಸಿಯಲ್ಲಲ್ಲ. ಫರಸಿ ಹಾಸಿದ ಮನೆಗಳಲ್ಲಿ ಕಲ್ಲಿನ ಸಂದುಗಳು ಧೂಳಿನ ಗೋದಾಮು. ಒಣ ಕಸಬರಿಗೆ ಅದನ್ನು ಎಬ್ಬಿಸಿ ಮತ್ತೆ ಮೂಗಿನ ಎತ್ತರಕ್ಕೆ ತರುತ್ತದೆ, ಎಸಿ ಓಡುತ್ತಿದ್ದರೆ ನೇರ ಜಾಲರಿಗೆ. ಎಸಿ ಮತ್ತು ಫ್ಯಾನ್ ಆರಿಸಿ, ಕಿಟಕಿ ತೆರೆದು, ಕಸ ಹೊಡೆದ ಹಿಂದೆಯೇ ಹಸಿ ಅರಿವೆಯಿಂದ ಒರೆಸಿ, ಅರ್ಧ ಗಂಟೆ ಬಿಟ್ಟು ಕಿಟಕಿ ಮುಚ್ಚಿದರೆ ಜಾಲರಿಯ ಕೆಲಸ ಎಷ್ಟೋ ಹಗುರವಾಗುತ್ತದೆ. ಸಂದುಗಳನ್ನು ಬಿಳಿ ಸಿಮೆಂಟಿನಿಂದ ತುಂಬಿಸಿಕೊಂಡರೆ ಇನ್ನೂ ಒಳ್ಳೆಯದು.

ಜಾಲರಿ ತೊಳೆಯುವ ಕ್ರಮ

ಕಂಪನಿಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಎಂದಿರುತ್ತದೆ. ಮಾರ್ಚ್‌ನಿಂದ ಮೇ ತನಕ ದಿನಕ್ಕೆ ಎಂಟು ತಾಸು ಎಸಿ ಓಡುವ ಇಲ್ಲಿನ ಮನೆಗಳಿಗೆ ಹತ್ತು ದಿನ ಎಂದು ಇಟ್ಟುಕೊಳ್ಳುವುದು ಸರಿ. ಡಾಂಬರಿಲ್ಲದ ರಸ್ತೆಗೋ ಗಂಜಿಗೋ ಹತ್ತಿರವಿದ್ದರೆ ವಾರಕ್ಕೊಮ್ಮೆ. ದಿನ ಎಣಿಸುವುದಕ್ಕಿಂತ ನೋಡುವುದೇ ನಂಬಿಕೆಯ ದಾರಿ: ಜಾಲರಿಯ ಆಚೆ ಹಿಡಿದ ಬೆರಳು ಸ್ಪಷ್ಟವಾಗಿ ಕಾಣದಿದ್ದರೆ ತೊಳೆಯುವ ಹೊತ್ತು ಬಂದಿದೆ.

ರಿಮೋಟಿನಿಂದ ಆರಿಸಿ, ಗಾಳಿ ಹೊರಬರುವ ಬಾಯಿಯ ರೆಕ್ಕೆ ಮುಚ್ಚಿಕೊಳ್ಳುವ ತನಕ ಒಂದೆರಡು ನಿಮಿಷ ತಡೆದು, ಆಮೇಲೆ ಗೋಡೆಯ ಸ್ವಿಚ್ಚನ್ನೋ ಎಂಸಿಬಿಯನ್ನೋ ಇಳಿಸಬೇಕು. ಮುಂದಿನ ಮುಚ್ಚಳವನ್ನು ಎರಡೂ ತುದಿ ಹಿಡಿದು ‘ಟಕ್’ ಎನ್ನುವವರೆಗೆ ಮೇಲೆತ್ತಬೇಕು. ಒಂದೇ ಕಡೆ ಹಿಡಿದು ಎಳೆದರೆ ಮುರಿಯುವುದು ಕೀಲು, ಅದು ಬಿಡಿಯಾಗಿ ಸಿಗುವುದು ಕಷ್ಟ. ಜಾಲರಿಯ ಹಿಡಿಯನ್ನು ಸ್ವಲ್ಪ ಮೇಲಕ್ಕೆ ಒತ್ತಿ, ಕೊಕ್ಕೆ ಬಿಡಿಸಿ, ಕೆಳಕ್ಕೆ ಎಳೆದರೆ ಹೊರಗೆ ಬರುತ್ತದೆ. ಈಚಿನ ಕೆಲವು ಮಾದರಿಗಳಲ್ಲಿ ಅದು ಯೂನಿಟ್‌ನ ನೆತ್ತಿಯ ಮೇಲೆ ಇರುತ್ತದೆ. ಮುಚ್ಚಳ ತೆರೆಯದೆಯೇ ಮೇಲಿಂದ ಜಾರಿಸಿ ತೆಗೆಯಬಹುದು.

ನೀರು ಹಾಯಿಸುವ ದಿಕ್ಕಿನಲ್ಲಿ ಬಹುತೇಕರು ತಪ್ಪುತ್ತಾರೆ. ಧೂಳು ಅಂಟಿದ ಮುಖದ ಮೇಲೆ ನೀರು ಬಿಟ್ಟರೆ ಅದು ಕಣ್ಣುಗಳೊಳಗೆ ಇನ್ನಷ್ಟು ಕೂರುತ್ತದೆ. ಹಿಂಬದಿಯಿಂದ ಬಿಟ್ಟರೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇದ್ದವರು ಇದಕ್ಕೆ ತಿರುಗುಮುರುಗು, ಧೂಳು ಇರುವ ಮುಖದಿಂದಲೇ ಎಳೆಯಬೇಕು. ಎಣ್ಣೆ ಜಿಡ್ಡು ಇದ್ದರೆ ಅರ್ಧ ಬಕೆಟ್ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ ಹತ್ತು ನಿಮಿಷ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಸವರಿದರೆ ಸಾಕು. ಬ್ಲೀಚಿಂಗ್, ಪೆಟ್ರೋಲ್, ಸಂಡಾಸು ತೊಳೆಯುವ ಆಸಿಡ್ ಯಾವುದೂ ಬೇಡ.

ನೀರು 40 ಡಿಗ್ರಿ ಮೀರಬಾರದು ಎಂದು ಕೈಪಿಡಿ ಹೇಳುವುದನ್ನು ಬಿಸಿನೀರಿಗೆ ಮಾತ್ರ ಅನ್ವಯಿಸಬೇಡಿ. ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಕರಿ ಟಾಕಿಯ ನೀರು ಆ ಮಟ್ಟವನ್ನು ಸುಲಭವಾಗಿ ದಾಟುತ್ತದೆ, ತೆಳು ಚೌಕಟ್ಟು ಸೊಟ್ಟಗಾಗಲು ಅಷ್ಟು ಸಾಕು. ಸೊಟ್ಟಗಾದ ಜಾಲರಿ ಅಂಚಿನಲ್ಲಿ ಬಾಯಿ ಬಿಡುತ್ತದೆ, ಧೂಳು ಆ ಸಂದಿನಿಂದಲೇ ಕಾಯಿಲ್‌ಗೆ ಹೋಗುತ್ತದೆ. ಈ ಕೆಲಸ ಬೆಳಿಗ್ಗೆ ಮಾಡಬೇಕು, ಒಣಗಿಸುವುದೂ ನೆರಳಿನಲ್ಲೇ. ಸುಣ್ಣದಕಲ್ಲಿನ ನೆಲದ ಬೋರ್ ನೀರು ಗಡಸು. ಅದರಲ್ಲೇ ತೊಳೆದು ಹಾಗೇ ಒಣಗಿಸಿದರೆ ಎಳೆಗಳ ಮೇಲೆ ಬಿಳಿ ಉಪ್ಪು ಕಟ್ಟಿ, ಕೆಲವು ತಿಂಗಳಲ್ಲಿ ಕಣ್ಣುಗಳು ಕಿರಿದಾಗುತ್ತವೆ. ಕೊನೆಗೆ ಒಂದು ತಂಬಿಗೆ ಕುಡಿಯುವ ಫಿಲ್ಟರ್ ನೀರು ಸುರಿದರೆ ಈ ತೊಂದರೆ ಇಲ್ಲ. ಒದ್ದೆ ಜಾಲರಿಯನ್ನು ಮರಳಿ ಹಾಕಿದರೆ ಧೂಳು ಕೆಸರಾಗಿ ಅಂಟುತ್ತದೆ. ಒಣಗುವ ತನಕ ‘ಒಂದು ತಾಸು ಹಾಗೇ ಓಡಲಿ’ ಎಂದು ಜಾಲರಿ ಇಲ್ಲದೆ ಎಸಿ ಹಚ್ಚುವುದೂ ಬೇಡ.

ದೊಡ್ಡ ಜಾಲರಿಯ ಮೇಲೆ ಬೆರಳಗಲದ ಪಟ್ಟಿಗಳಲ್ಲಿ ಕೂಡುವ ‘ಪಿಎಂ 2.5 ಫಿಲ್ಟರ್’ ಬೇರೆಯೇ ವಸ್ತು. ವಿದ್ಯುತ್ ಆವೇಶ ತುಂಬಿದ ನಾರಿನ ಹಾಳೆ ಅದು; ತೂತಿನ ಅಳತೆಯಿಂದ ಹಿಡಿಯುವುದಿಲ್ಲ, ಆವೇಶದಿಂದ ಕಣವನ್ನು ಸೆಳೆದುಕೊಳ್ಳುತ್ತದೆ. ತೊಳೆಯಬಹುದು ಎಂದು ಅದರ ಮೇಲೆ ಬರೆದಿರದಿದ್ದರೆ ನೀರು ತಾಗಿಸಬಾರದು. ತೊಳೆದರೆ ಆವೇಶ ಹೋಗಿ ಉಳಿಯುವುದು ಬರೀ ಬಟ್ಟೆ. ಈ ಪಟ್ಟಿಗಳು ಜಾಲರಿಯ ಎಷ್ಟು ಪಾಲನ್ನು ಮುಚ್ಚುತ್ತವೆ ಎಂದು ಕೊಳ್ಳುವ ಮೊದಲೇ ನೋಡಿ. ಕಾಲು ಭಾಗ ಮುಚ್ಚಿದ್ದರೆ ಉಳಿದ ಮುಕ್ಕಾಲು ಭಾಗದಲ್ಲಿ ಗಾಳಿ ಸೋಸದೆ ಹೋಗುತ್ತದೆ. ಗಾಳಿಗೆ ಅಡ್ಡಿ ಕಡಿಮೆ ಇರುವ ಕಡೆ ಹೋಗುವುದೇ ರೂಢಿ.

ಕಟ್ಟಿದ ಜಾಲರಿ ಮಾಡುವ ಅನಾಹುತ

ಜಾಲರಿ ಕಟ್ಟಿದರೆ ಕಾಯಿಲ್ ಮೇಲೆ ಹಾಯುವ ಬಿಸಿ ಗಾಳಿ ಕಡಿಮೆಯಾಗುತ್ತದೆ. ಒಳಗಿನ ಗ್ಯಾಸಿಗೆ ಹೀರಲು ಬೇಕಾದ ಬಿಸಿ ಸಿಗದೆ ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿದು, ಅದರ ಮೇಲಿನ ತೇವ ಹಿಮವಾಗುತ್ತದೆ. ಹಿಮ ಗಾಳಿಗೆ ಇನ್ನಷ್ಟು ಅಡ್ಡಿ, ಅಡ್ಡಿಯಿಂದ ಇನ್ನಷ್ಟು ಹಿಮ. ಎಸಿ ಆರಿಸಿದಾಗ ಅದೆಲ್ಲ ಒಮ್ಮೆಲೇ ಕರಗಿ, ಕೆಳಗಿನ ತಟ್ಟೆ ತುಂಬಿ, ಗೋಡೆಗೆ ಇಳಿಯುತ್ತದೆ. ಪೈಪು ಕಟ್ಟಿದೆ ಎಂದು ಅದನ್ನಷ್ಟೇ ಊದಿ ಹೋಗುವವರೂ ಇದ್ದಾರೆ; ಮರುವಾರ ಮತ್ತೆ ನೀರು. ಹಿಮ ಕಂಡರೆ ರಿಮೋಟಿನಲ್ಲಿ ‘ಫ್ಯಾನ್’ಗೆ ಹಾಕಿ ಒಂದೆರಡು ತಾಸು ಬಿಡಬೇಕು. ಸ್ಕ್ರೂ ಡ್ರೈವರ್ ಹಾಕಿ ಕೆತ್ತಿದರೆ ಕೊಳವೆ ತೂತಾಗಿ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ.

‘ಗ್ಯಾಸ್ ಕಡಿಮೆ ಆಗೇದ್ರಿ, ತುಂಬಬೇಕು’ ಎಂಬ ಮಾತಿಗೆ ಒಪ್ಪುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಜಾಲರಿ ತೊಳೆದು ಹಾಕಿ, 18 ಡಿಗ್ರಿಗೆ ಇಟ್ಟು, ಫ್ಯಾನ್ ಪೂರ್ಣ ವೇಗದಲ್ಲಿ ಕಾಲು ತಾಸು ಓಡಿಸಿ. ಆಮೇಲೆ ಗಾಳಿ ಒಳಹೋಗುವ ನೆತ್ತಿಯ ಹತ್ತಿರ ಒಮ್ಮೆ, ತಂಪು ಹೊರಬರುವ ಬಾಯಿಯಲ್ಲಿ ಒಮ್ಮೆ ಥರ್ಮಾಮೀಟರ್ ಹಿಡಿಯಿರಿ. 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಯಂತ್ರ ಸರಿಯಾಗಿದೆ. ಗಾಳಿ ಮೆಲ್ಲಗೆ ಬರುತ್ತಿದೆ, ಆದರೆ ಬಂದದ್ದು ತೀರ ತಣ್ಣಗಿದೆ ಎಂದರೆ ಅಡಚಣೆ ಇರುವುದು ಗಾಳಿಯ ದಾರಿಯಲ್ಲಿ: ಕಾಯಿಲ್ ಅಥವಾ ಗಾಳಿ ನೂಕುವ ಬ್ಲೋವರ್ ಉರುಳೆಯ ಎಲೆಗಳಿಗೆ ಧೂಳು ಮೆತ್ತಿದೆ, ಒತ್ತಡದ ನೀರು ಹೊಡೆದು ತೊಳೆಯುವ ಜೆಟ್ ಸರ್ವಿಸ್ ಬೇಕು. ಗಾಳಿ ಜೋರಾಗಿದೆ, ವ್ಯತ್ಯಾಸ ಮಾತ್ರ ನಾಲ್ಕೈದು ಡಿಗ್ರಿ ಎಂದರೆ ಆಗ ಹೊರಗಿನ ಯೂನಿಟ್ಟು, ಕೆಪಾಸಿಟರ್, ಗ್ಯಾಸಿನ ಕಡೆ ನೋಡಬೇಕು. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುವ ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕಿ ಮುಚ್ಚದೆ, ವ್ಯಾಕ್ಯೂಮ್ ಎಳೆಯದೆ, ಪ್ಲೇಟಿನ ಮೇಲೆ ಬರೆದ ತೂಕ ನೋಡದೆ ತುಂಬಿದ ಗ್ಯಾಸು ಮುಂದಿನ ಬೇಸಿಗೆಗೆ ಇರುವುದಿಲ್ಲ. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸ್ ಕೂಡ. ಕೊಳವೆಯಲ್ಲಿ ಅದು ಇರುವಾಗ ಬೆಸುಗೆಯ ಬೆಂಕಿ ಹಿಡಿಯಲು ಬಿಡಬಾರದು.

ದಪ್ಪ ಫಿಲ್ಟರ್ ಹಚ್ಚಿದರೆ?

ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಹಾಳೆಯನ್ನೋ ಮರ್ವ್ 13 ಎಂಬ ದರ್ಜೆಯ ಫಿಲ್ಟರನ್ನೋ ಕತ್ತರಿಸಿ ಜಾಲರಿಯ ಮೇಲೆ ಅಂಟಿಸುವ ಉಪಾಯ ಮೊಬೈಲಿನಲ್ಲಿ ಓಡಾಡುತ್ತಿದೆ. ಮರ್ವ್ 13 ಒಳ್ಳೆಯ ಫಿಲ್ಟರೇ. 0.3ರಿಂದ 1 ಮೈಕ್ರಾನಿನ ಕಣಗಳಲ್ಲಿ ಕನಿಷ್ಠ ಅರ್ಧದಷ್ಟನ್ನು, 1ರಿಂದ 3 ಮೈಕ್ರಾನಿನವುಗಳಲ್ಲಿ ಶೇ 85ರಷ್ಟನ್ನು ಹಿಡಿಯಬೇಕು ಎಂಬುದು ಅದರ ಮಾನದಂಡ. ಆದರೆ ಆ ಸಲಹೆ ಹುಟ್ಟಿದ್ದು ಅಮೆರಿಕದ ಮನೆಗಳಿಗೆ. ಅಲ್ಲಿ ಇಡೀ ಮನೆಗೆ ಒಂದೇ ಯಂತ್ರ, ತಗಡಿನ ಕೊಳವೆ, ಒತ್ತಡ ತಾಳುವ ದೊಡ್ಡ ಬ್ಲೋವರ್, ಅಂಗುಲಗಟ್ಟಲೆ ಆಳದ ಮಡಿಕೆ ಫಿಲ್ಟರ್. ನಮ್ಮ ಗೋಡೆಯ ಸ್ಪ್ಲಿಟ್‌ನ ಬ್ಲೋವರ್ ಉದ್ದನೆಯ ಹಗುರ ಉರುಳೆ, ಎದುರಿಗೆ ಹೆಚ್ಚು ತಡೆ ಇಲ್ಲದಿದ್ದರಷ್ಟೇ ಗಾಳಿ ನೂಕಬಲ್ಲದು. ಹೆಪಾ ಹಾಳೆ ಅಂಟಿಸಿದರೆ ಕಟ್ಟಿದ ಜಾಲರಿಯ ಕಥೆಯೇ ಮೊದಲ ದಿನದಿಂದ ಶುರು.

ಸ್ಪ್ಲಿಟ್ ಎಸಿಗೆಂದೇ ಮಾಡಿದ, ಬೆಳಕು ಹಾಯುವಷ್ಟು ತೆಳು ಆವೇಶದ ಹಾಳೆಗಳು ಸಿಗುತ್ತವೆ. ಒಂದು ಸಲಕ್ಕೆ ಅವು ಹಿಡಿಯುವುದು ಕಡಿಮೆ. ಗಂಟೆಗೆ ಇಪ್ಪತ್ತು ಸಲ ಗಾಳಿ ಹಾಯುವುದರಿಂದ ಒಟ್ಟಿನಲ್ಲಿ ಒಂದಿಷ್ಟು ಉಪಯೋಗ ಉಂಟು. ಹಾಕುವ ಮೊದಲು, ಹಾಕಿದ ಮೇಲೆ ಮೇಲಿನ ಥರ್ಮಾಮೀಟರ್ ಪರೀಕ್ಷೆ ಮಾಡಿ. ವ್ಯತ್ಯಾಸ ಎರಡು ಡಿಗ್ರಿಗಿಂತ ಹೆಚ್ಚು ಬದಲಾದರೆ ತೆಗೆದುಬಿಡಿ. ಇಲ್ಲಿನ ಧೂಳಿಗೆ ಮೂರು ತಿಂಗಳಿಗಿಂತ ಹೆಚ್ಚು ಅವು ಬಾಳುವುದಿಲ್ಲ. ‘ಅಯಾನೈಸರ್’, ‘ಪ್ಲಾಸ್ಮಾ’ ಎಂಬ ಗುಂಡಿಗಳಿಗೆ ಹೆಚ್ಚು ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ. ಅವು ಕಣಗಳನ್ನು ಗೋಡೆಗೆ, ಹಾಸಿಗೆಗೆ ಅಂಟಿಸುತ್ತವೆ, ಕೆಲವು ಓಝೋನನ್ನೂ ಉಗುಳುತ್ತವೆ.

ಮುಚ್ಚಿದ ಕಿಟಕಿಯ ಲೆಕ್ಕ

ಯಾವ ಫಿಲ್ಟರೂ ಮುಟ್ಟದ ಒಂದು ವಿಷಯ ಉಸಿರಿನದು. ಮಲಗಿದ ದೊಡ್ಡವರೊಬ್ಬರು ಗಂಟೆಗೆ ಸುಮಾರು 13 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ, ಮಗು ಸುಮಾರು 8 ಲೀಟರ್. ಗಂಡ, ಹೆಂಡತಿ, ಒಂದು ಮಗು ಎಂದರೆ ಗಂಟೆಗೆ 34 ಲೀಟರ್. ಮೇಲೆ ಹೇಳಿದ ಕೋಣೆಯಲ್ಲಿ ಇರುವ ಗಾಳಿ 34 ಘನ ಮೀಟರ್, ಅಂದರೆ 34,000 ಲೀಟರ್. ಸಂದುಗಳೇ ಇಲ್ಲದ ಕೋಣೆಯಾದರೆ ಪ್ರತಿ ಗಂಟೆಗೆ ಹತ್ತು ಲಕ್ಷಕ್ಕೆ ಸಾವಿರ ಭಾಗ ಏರುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದು 420ರ ಆಸುಪಾಸು. ಬಾಗಿಲ ಸಂದುಗಳಿಂದ ಒಂದಿಷ್ಟು ಹೊರಗೆ ಹೋದರೂ ನಸುಕಿನ ಹೊತ್ತಿಗೆ 2,000 ದಾಟುವುದು ಸಾಮಾನ್ಯ. ಎದ್ದಾಗ ತಲೆಭಾರ, ಬಾಯಿ ಒಣಗಿದ್ದು, ನಿದ್ದೆ ಆಗಿಲ್ಲ ಅನ್ನಿಸುವುದು, ಇವನ್ನೆಲ್ಲ ‘ಎಸಿ ಆಗಿ ಬರಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ.

ಕಿಟಕಿ ತೆರೆದರೆ ತಂಪೆಲ್ಲ ಹೋಗುತ್ತದೆ, ಬಿಲ್ಲು ಏರುತ್ತದೆ ಎಂಬ ಅಂಜಿಕೆಯನ್ನು ಅಳೆದು ನೋಡೋಣ. ಗಂಟೆಗೆ 50 ಘನ ಮೀಟರ್ ಹೊರಗಾಳಿ ಬಂದರೆ ಆ ಮೂವರ ಕೋಣೆ 1,100ರ ಸುತ್ತ ನಿಲ್ಲುತ್ತದೆ. ಹೊರಗೆ 43, ಒಳಗೆ 26 ಡಿಗ್ರಿ ಇರುವ ಮಧ್ಯಾಹ್ನದಲ್ಲಿ ಅಷ್ಟು ಗಾಳಿಯನ್ನು ತಂಪು ಮಾಡಲು ಬೇಕಾಗುವುದು ಸುಮಾರು 260 ವಾಟ್‌ನಷ್ಟು ತಂಪು. ರಾತ್ರಿ ಹೊರಗೆ 32 ಇದ್ದರೆ 90 ವಾಟ್. ಒಂದೂವರೆ ಟನ್ನಿನ ಎಸಿಯ ತಂಪಿನ ಶಕ್ತಿ ಸುಮಾರು 5,200 ವಾಟ್. ಮಧ್ಯಾಹ್ನ ಶೇ 5, ರಾತ್ರಿ ಶೇ 2ಕ್ಕಿಂತ ಕಡಿಮೆ. ಅಂಜುವಷ್ಟು ದೊಡ್ಡ ಮೊತ್ತವಲ್ಲ. ಮಳೆಗಾಲದಲ್ಲಿ ಹೊರಗಾಳಿಯ ತೇವವೂ ಸೇರಿ ಭಾರ ಹೆಚ್ಚುತ್ತದೆ ಎಂಬುದು ನಿಜ, ಆದರೆ ಆಗ ಹೊರಗಿನ ಧಗೆ ಇಷ್ಟು ಇರುವುದಿಲ್ಲ.

ಮಲಗುವ ಕೋಣೆಗೆ ಹೊಂದಿದ ಬಾತ್‌ರೂಮಿನಲ್ಲಿ ಆರು ಅಂಗುಲದ ಎಕ್ಸಾಸ್ಟ್ ಫ್ಯಾನ್ ಇದ್ದರೆ ಕೆಲಸ ಸುಲಭ. ಅದು ಗಂಟೆಗೆ 200ರಿಂದ 300 ಘನ ಮೀಟರ್ ಎಳೆಯುವುದರಿಂದ ಟೈಮರ್ ಹಾಕಿ ಗಂಟೆಗೆ 12 ನಿಮಿಷ ಓಡಿಸಿದರೆ 50ರ ಲೆಕ್ಕ ಹೊಂದುತ್ತದೆ. ಎದುರಿನ ಕಿಟಕಿ ಒಂದು ಬೆರಳಷ್ಟು ತೆರೆದಿರಬೇಕು, ಇಲ್ಲದಿದ್ದರೆ ಫ್ಯಾನಿಗೆ ಎಳೆಯಲು ಗಾಳಿ ಎಲ್ಲಿಂದ ಬರಬೇಕು? ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಮಾತ್ರ ಈ ಉಪಾಯ ಬೇಡವೇ ಬೇಡ. ಎಕ್ಸಾಸ್ಟ್ ಎಳೆತಕ್ಕೆ ಗೀಸರಿನ ಹೊಗೆ ಒಳಗೆ ತಿರುಗಿ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕೋಣೆ ತುಂಬಬಹುದು, ಜೀವ ಹೋಗಬಹುದು. ಗ್ಯಾಸ್ ಗೀಸರನ್ನು ಮನೆಯ ಹೊರಗೋಡೆಗೆ ಹಾಕಿಸುವುದೇ ಸರಿ.

ಕಿಟಕಿ ತೆರೆಯುವ ಹೊತ್ತೂ ಋತುವಿಗೆ ತಕ್ಕಂತೆ ಬೇರೆ. ಬೇಸಿಗೆಯಲ್ಲಿ ನಸುಕಿನ ಐದರಿಂದ ಏಳು ಒಳ್ಳೆಯ ಹೊತ್ತು. ಪುಷ್ಯ, ಮಾಘದ ಚಳಿಯಲ್ಲಿ ಅದೇ ಹೊತ್ತು ಕೆಟ್ಟದ್ದು: ತಣ್ಣನೆ ಗಾಳಿ ನೆಲಕ್ಕೆ ಕವುಚಿಕೊಂಡು ಒಲೆಯ ಹೊಗೆ, ಕಸ ಸುಟ್ಟ ಹೊಗೆಯನ್ನು ಓಣಿಯಲ್ಲೇ ಹಿಡಿದಿಟ್ಟಿರುತ್ತದೆ. ಬಿಸಿಲೇರಿ ಒಂಬತ್ತಾದ ಮೇಲೆ ತೆರೆಯಬೇಕು. ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿ ಬಿಸಿ ಗಾಳಿಯನ್ನು ಮೇಲಿಂದ ಬಿಡುತ್ತಿತ್ತು. ಎಸಿ ಕೂಡಿಸುವಾಗ ಅದಕ್ಕೆ ಥರ್ಮೊಕೋಲ್ ತುರುಕಿದವರು ಕನಿಷ್ಠ ಬೆಳಿಗ್ಗೆ ತೆಗೆಯುವ ಹಾಗಾದರೂ ಮಾಡಿಕೊಳ್ಳಬಹುದು.

ಹೊಗೆ ಒಳಗಿನದೇ

ಮಗುವಿನ ಕೆಮ್ಮಿಗೆ ಮರಳೋಣ. ಎಸಿ ಹಚ್ಚಿ, ಕಿಟಕಿ ಮುಚ್ಚಿ, ಮಂಚದ ಕೆಳಗೆ ಸೊಳ್ಳೆ ಬತ್ತಿ ಇಡುವ ಮನೆಗಳು ಕಡಿಮೆಯಿಲ್ಲ. ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ ಹೊರಬರುವ ಪಿಎಂ 2.5 ಪ್ರಮಾಣ 75ರಿಂದ 137 ಸಿಗರೇಟಿನದಕ್ಕೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ. ಹೊರಗಿನ ಸಿಮೆಂಟ್ ಧೂಳನ್ನು ಬೈಯುತ್ತ ಒಳಗೆ ಇದನ್ನು ಹಚ್ಚುವುದರಲ್ಲಿ ಅರ್ಥವಿಲ್ಲ. ಬೇಕಾದದ್ದು ಸೊಳ್ಳೆ ಪರದೆ, ಕಿಟಕಿಗೆ ಜಾಲಿ. ಊದುಬತ್ತಿ, ಲೋಬಾನದ ಹೊಗೆಯೂ ಎಸಿ ಹಚ್ಚುವ ಮೊದಲೇ ಮುಗಿಯಲಿ. ಹೊಗೆ ಹೋಗಲು ಅರ್ಧ ತಾಸು ಕಿಟಕಿ ತೆರೆದಿರಲಿ.

ಅಡುಗೆಮನೆಯದೂ ಸಣ್ಣ ಪಾಲಲ್ಲ. ಹತ್ತಿಪ್ಪತ್ತು ಜೋಳದ ರೊಟ್ಟಿ ಬಡಿದು ಬೇಯಿಸುವ ಹೊತ್ತಿನಲ್ಲಿ ಹಾರುವ ಹಿಟ್ಟು, ಕಾದ ಹಂಚಿನ ಮೇಲೆ ಅದು ಸುಟ್ಟ ಹೊಗೆ, ಒಣ ಮೆಣಸಿನಕಾಯಿಯ ಒಗ್ಗರಣೆ, ಗ್ಯಾಸಿನ ಉರಿಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್, ಎಲ್ಲವೂ ಹಾಲಿನ ಎಸಿ ಎಳೆಯುವ ಕಡೆಗೆ ಬರುತ್ತವೆ. ಅಡುಗೆಮನೆಯ ಎಕ್ಸಾಸ್ಟ್ ಒಲೆ ಹಚ್ಚುವ ಮೊದಲೇ ಶುರುವಾಗಿ, ಆರಿಸಿದ ಮೇಲೂ ಹತ್ತು ನಿಮಿಷ ಓಡಬೇಕು. ಒಗ್ಗರಣೆಯ ಜಿಡ್ಡು ಕಾಯಿಲ್ ಮೇಲೆ ಕೂತರೆ ಧೂಳಿಗೆ ಅದೇ ಅಂಟು. ಹಾಲಿನ ಎಸಿ ಮಲಗುವ ಕೋಣೆಯದಕ್ಕಿಂತ ಬೇಗ ನಾತ ಹಿಡಿಯುವುದು ಇದಕ್ಕೇ.

ಇಷ್ಟಾದ ಮೇಲೂ ಆಸ್ತಮಾ ಇರುವವರ ಕೋಣೆಗೆ ಸೋಸಿದ ಗಾಳಿ ಬೇಕು ಎಂದರೆ ಆ ದುಡ್ಡು ದುಬಾರಿ ಎಸಿಯ ಹೆಚ್ಚುವರಿ ಫಿಲ್ಟರಿಗಿಂತ ಪ್ರತ್ಯೇಕ ಹೆಪಾ ಪ್ಯೂರಿಫೈಯರಿಗೆ ಹೋಗಲಿ. ಡಬ್ಬಿಯ ಮೇಲೆ ನೋಡಬೇಕಾದದ್ದು ಸಿಎಡಿಆರ್ ಎಂಬ ಒಂದೇ ಅಂಕಿ, ಅಂದರೆ ಯಂತ್ರ ಗಂಟೆಗೆ ಎಷ್ಟು ಸೋಸಿದ ಗಾಳಿ ಕೊಡುತ್ತದೆ ಎಂಬುದು. ನಮ್ಮ 1,200 ಘನ ಅಡಿ ಕೋಣೆಯ ಗಾಳಿ ಗಂಟೆಗೆ ಐದು ಸಲ ಸೋಸಬೇಕಾದರೆ ಅದು 170 ಘನ ಮೀಟರ್ ಇರಬೇಕು, ಅದೂ ನೀವು ಮಲಗುವಾಗ ಇಡುವ ಸದ್ದಿಲ್ಲದ ವೇಗದಲ್ಲಿ. ಪೂರ್ಣ ವೇಗದ ಅಂಕಿ ನೋಡಿ ಕೊಂಡು, ಸದ್ದಿಗೆ ಬೇಸತ್ತು ಕಡಿಮೆಗೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಗೋಡೆಗೆ ಒತ್ತಿ ಇಡದೆ ಒಂದಡಿ ಬಿಡಬೇಕು. ಅದರ ಮೇಲೆ ಹಸಿರು ದೀಪ ಕಂಡ ಮಾತ್ರಕ್ಕೆ ಕೋಣೆಯಲ್ಲಿ ಧೂಳಿಲ್ಲ ಎಂದಲ್ಲ. ಒಳಗಿನ ಅಗ್ಗದ ಲೇಸರ್ ಸೆನ್ಸರ್ ಹೊಗೆಯನ್ನು ಚೆನ್ನಾಗಿ ಗುರುತಿಸುತ್ತದೆ, ಕಲ್ಲುಮಣ್ಣಿನ ದಪ್ಪ ಕಣವನ್ನು ಸರಿಯಾಗಿ ಎಣಿಸುವುದಿಲ್ಲ. ಕಲಬುರಗಿಯಂಥ ಊರಿನಲ್ಲಿ ಕಪಾಟಿನ ಮೇಲೆ ಬೆರಳಾಡಿಸಿ ನೋಡುವುದು ಆ ದೀಪಕ್ಕಿಂತ ನಿಜ ಹೇಳುತ್ತದೆ.

ಕೂಲರ್ ಇರುವ ಮನೆಗಳಿಗೆ ಒಂದೆರಡು ಮಾತು. ಕೂಲರ್ ಹೊರಗಾಳಿಯನ್ನು ಒದ್ದೆ ಪ್ಯಾಡಿನ ಮೂಲಕ ತರುವುದರಿಂದ ಉಸಿರಿನ ಲೆಕ್ಕದಲ್ಲಿ ಎಸಿಗಿಂತ ಮೇಲು, ಏಪ್ರಿಲ್‌ನ ಒಣ ಝಳಕ್ಕೆ ಕರೆಂಟಿನ ಲೆಕ್ಕದಲ್ಲೂ ಮೇಲು. ಎದುರಿನ ಕಿಟಕಿ ತೆರೆದಿರಬೇಕು ಅಷ್ಟೇ. ಟಾಕಿಯನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಉಜ್ಜಿ, ಒಣಗಿಸದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ಹುಟ್ಟುತ್ತದೆ. ಕೂಲರ್ ಮತ್ತು ಎಸಿಯನ್ನು ಒಂದೇ ಕೋಣೆಯಲ್ಲಿ ಜೊತೆಗೆ ಓಡಿಸಿದರೆ, ಒಂದು ಗಾಳಿಗೆ ತುಂಬಿದ ತೇವವನ್ನು ಇನ್ನೊಂದು ಹಿಂಡಿ ತೆಗೆಯುತ್ತ ಕೂರುತ್ತದೆ.

ಸರ್ವಿಸ್ ಯಾವಾಗ ಮಾಡಿಸಬೇಕು ಎಂಬುದರಲ್ಲೂ ಇಲ್ಲಿನ ಹವೆಗೆ ಬೇರೆ ಲೆಕ್ಕ ಬೇಕು. ಬೇಸಿಗೆಗೆ ಮೊದಲು ಒಮ್ಮೆ ಮಾಡಿಸಿ ಸುಮ್ಮನಾಗುವುದು ರೂಢಿ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿ ಎಷ್ಟು ಒಣಗಿರುತ್ತದೆ ಎಂದರೆ ಕಾಯಿಲ್ ಮೇಲೆ ನೀರೇ ಹೆಚ್ಚು ಕೂಡುವುದಿಲ್ಲ. ಡ್ರೈನ್ ಪೈಪಿನಿಂದ ತೊಟ್ಟಿಕ್ಕುವುದೂ ಅಪರೂಪ. ಜಾಲರಿ ದಾಟಿದ ಸಣ್ಣ ಧೂಳು ರೆಕ್ಕೆಗಳ ನಡುವೆ ಒಣಗಿದಂತೆಯೇ ಎರಡು ತಿಂಗಳು ಕೂಡುತ್ತ ಹೋಗುತ್ತದೆ. ಜೂನ್ ಮೊದಲ ವಾರ ಮಿರಗದ (ಮೃಗಶಿರಾ) ಮಳೆ ಬಿದ್ದು ಗಾಳಿಗೆ ತೇವ ಬಂದ ದಿನ ಅದೆಲ್ಲ ಒಮ್ಮೆಲೇ ಕೆಸರು. ಕೆಸರು ತಟ್ಟೆಗೆ ಇಳಿದು ಡ್ರೈನ್ ಬಾಯಿ ಕಟ್ಟುತ್ತದೆ, ಉಳಿದದ್ದರಲ್ಲಿ ಬೂಸು ಹಿಡಿದು ನಾತ ಹೊಡೆಯುತ್ತದೆ. ಆದ್ದರಿಂದ ಎರಡನೆಯ ಜೆಟ್ ಸರ್ವಿಸನ್ನು ಮೇ ಕೊನೆಯ ವಾರದಲ್ಲೇ, ಮಿರಗಕ್ಕೆ ಮೊದಲು ಮಾಡಿಸಬೇಕು. ಕಾಯಿಲ್‌ಗೆ ಆಸಿಡ್ ಬೆರೆಸಿದ ದ್ರವ ಹೊಡೆಯಲು ಬಿಡಬೇಡಿ, ಅಲ್ಯೂಮಿನಿಯಂ ರೆಕ್ಕೆಯನ್ನು ಅದು ತಿನ್ನುತ್ತದೆ. ಬ್ಲೋವರ್ ಉರುಳೆಯ ಎಲೆಗಳ ಒಳಮೈಗೆ ಟಾರ್ಚ್ ಹಿಡಿದು ನೋಡಿದ ಮೇಲೆಯೇ ಹಣ ಕೊಡಿ. ಒಂದು ಬಕೆಟ್ ನೀರನ್ನು ಒಳಗಿನ ತಟ್ಟೆಗೆ ಮೆಲ್ಲಗೆ ಸುರಿಸಿ, ಹೊರಗಿನ ಪೈಪಿನ ತುದಿಯಲ್ಲಿ ಅದು ತಡೆಯಿಲ್ಲದೆ ಬರುವುದನ್ನು ನೋಡಿ. ಮಳೆಗಾಲದುದ್ದಕ್ಕೂ ಎಸಿ ಆರಿಸುವ ಮೊದಲು ಇಪ್ಪತ್ತು ನಿಮಿಷ ಬರೀ ಫ್ಯಾನ್ ಓಡಿಸಿದರೆ ಕಾಯಿಲ್ ಒಣಗುತ್ತದೆ, ಹಸಿ ಅರಿವೆಯ ವಾಸನೆ ಮರುದಿನ ಬರುವುದಿಲ್ಲ.